ಎಲೆಗೊಂದು ಹೆಸರು, ಕಾಯಿಗೊಂದು ಹೆಸರು
ಅಳಿದ ಮರಗಳನ್ನು ಮತ್ತೆ ಕೂಡಿಸಿದವರ ಕಥೆ

ವೆರಿಬೀಯ ನಮ್ಮ ಮನೆಗಳಲ್ಲಿ ಸ್ವಿಚ್ ಒತ್ತಿದರೆ ದೀಪ ಹತ್ತುತ್ತೆ. ಆ ಕರೆಂಟಿನ ದೊಡ್ಡ ಪಾಲು ಇವತ್ತಿಗೂ ಬರುವುದು ಮೆಲ್ಬರ್ನಿನಿಂದ ಪೂರ್ವಕ್ಕೆ ಸುಮಾರು 150 ಕಿಲೋಮೀಟರ್ ದೂರದ ಲಾಟ್ರೋಬ್ ಕಣಿವೆಯ ಕಂದು ಕಲ್ಲಿದ್ದಲಿನಿಂದ. ಕಲ್ಲಿದ್ದಲು ಅಂದರೆ ಹಳೆಯ ಕಾಡು. ಸುಮಾರು 5 ಕೋಟಿ ವರ್ಷಗಳ ಹಿಂದಿನಿಂದ 1.5 ಕೋಟಿ ವರ್ಷಗಳ ಹಿಂದಿನವರೆಗೆ ಅಲ್ಲಿ ಬೆಳೆದು, ಜೌಗಿನಲ್ಲಿ ಬಿದ್ದು, ಒಂದರ ಮೇಲೊಂದು ಒತ್ತಿಕೊಂಡ ಮರಗಳು ಅವು. ಅವುಗಳಲ್ಲಿ ಕೌರಿ, ಅರೌಕೇರಿಯಾ ಮೊದಲಾದ ಶಂಕುಧಾರಿ ಮರಗಳೂ ಇದ್ದವು. ಇಂದು ವಿಕ್ಟೋರಿಯಾದ ಯಾವ ಕಾಡಿನಲ್ಲೂ ಕೌರಿಯಾಗಲಿ ಅರೌಕೇರಿಯಾ ಆಗಲಿ ತಾನಾಗಿ ಬೆಳೆಯುವುದಿಲ್ಲ. ಹಾಗಾದರೆ ಅವು ಇಲ್ಲಿ ಇದ್ದವು ಅಂತ ಹೇಳಿದವರು ಯಾರು? ಒಂದು ಎಲೆಯ ಚೂರು, ಒಂದು ಕಾಯಿಯ ತುಂಡು ನೋಡಿ ಇಡೀ ಮರ ಹೀಗಿತ್ತು ಅನ್ನುವುದು ಹೇಗೆ? ಈ ಲೇಖನ ಆ ಕೆಲಸ ಮಾಡಿದವರ ಇತಿಹಾಸ. ಅದರಲ್ಲಿ ಭಾರತದ ಪಾಲೂ ಇದೆ.

ಬಿಡಿಬಿಡಿಯಾಗಿ ಉದುರುವ ಮರ

ಶಂಕುಧಾರಿ ಅಂದರೆ ಹೂ ಬಿಡದೆ ಶಂಕುವಿನಲ್ಲಿ ಬೀಜ ಕಟ್ಟುವ ಮರ. ಪೈನ್, ದೇವದಾರು ಈ ಜಾತಿಯವು. ಲಾಲ್‌ಬಾಗಿನಲ್ಲಿ ಗೋಪುರದ ಹಾಗೆ ನಿಂತಿರುವ ಅರೌಕೇರಿಯಾ ಮರವನ್ನು ಬೆಂಗಳೂರು ಕಂಡವರೆಲ್ಲ ನೋಡಿರುತ್ತಾರೆ, ಅದೂ ಇದೇ ಗುಂಪು. ಶಂಕುವನ್ನು ಹತ್ತಿರದಿಂದ ನೋಡಿದರೆ ಮೀನಿನ ಮೈಮೇಲಿನ ಹುರುಪೆಯ ಹಾಗೆ ಸುತ್ತ ಜೋಡಿಸಿಕೊಂಡ ಗಟ್ಟಿ ಭಾಗಗಳು ಕಾಣುತ್ತವೆ. ಬೀಜ ಇರುವುದು ಆ ಹುರುಪೆಗಳ ಮೇಲೆ.

ತೊಂದರೆ ಶುರುವಾಗುವುದು ಇಲ್ಲಿಂದ. ಮರ ಸತ್ತು ಇಡಿಯಾಗಿ ಕಲ್ಲಾಗುವುದು ಅಪರೂಪ. ಎಲೆ ಒಂದು ಕಡೆ ಉದುರುತ್ತೆ, ಶಂಕು ಇನ್ನೊಂದು ಕಡೆ ಬೀಳುತ್ತೆ, ಕಾಂಡವನ್ನು ಹೊಳೆ ಹೊತ್ತೊಯ್ಯುತ್ತೆ, ಪರಾಗ ಗಾಳಿಯಲ್ಲಿ ನೂರಾರು ಮೈಲಿ ಹಾರುತ್ತೆ. ಅರೌಕೇರಿಯಾದ ಶಂಕುವಂತೂ ಹಣ್ಣಾದ ಮೇಲೆ ಒಡೆದು ಹುರುಪೆ ಹುರುಪೆಯಾಗಿ ಚೆಲ್ಲಿಹೋಗುತ್ತೆ. ಲಕ್ಷಾಂತರ ವರ್ಷಗಳ ನಂತರ ಒಬ್ಬರಿಗೆ ಎಲೆ ಸಿಗುತ್ತೆ, ಅವರು ಅದಕ್ಕೊಂದು ಹೆಸರಿಡುತ್ತಾರೆ. ಇನ್ನೊಬ್ಬರಿಗೆ ಹುರುಪೆ ಸಿಗುತ್ತೆ, ಅದಕ್ಕೆ ಬೇರೆ ಹೆಸರು. ಮೂರನೆಯವರಿಗೆ ಕಲ್ಲಾದ ಕಾಂಡ, ನಾಲ್ಕನೆಯವರಿಗೆ ಸೂಕ್ಷ್ಮದರ್ಶಕದಲ್ಲಿ ಪರಾಗದ ಕಣ. ಹೀಗೆ ಒಂದೇ ಮರಕ್ಕೆ ನಾಲ್ಕು ಹೆಸರು.

ನಮಗೆ ಇದು ಹೊಸದಲ್ಲ. ಊರಲ್ಲಿ ಪುಟ್ಟಣ್ಣ, ಶಾಲೆಯ ಟಿ.ಸಿ.ಯಲ್ಲಿ ಇನಿಶಿಯಲ್ ಸಮೇತ ರಂಗಸ್ವಾಮಿ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮು, ಇಲ್ಲಿಯ ಪೇಸ್ಲಿಪ್ಪಿನಲ್ಲಿ ಹಿಂದುಮುಂದು. ನಾಲ್ಕೂ ಒಬ್ಬನೇ ಅಂತ ಆಫೀಸಿನಲ್ಲಿ ಒಪ್ಪಿಸಬೇಕಾದರೆ ದಾಖಲೆ ಬೇಕು, ಬರೀ ಬಾಯಿಮಾತು ನಡೆಯುವುದಿಲ್ಲ. ಪಳೆಯುಳಿಕೆ ತಜ್ಞರಿಗೂ ಅದೇ ಕಥೆ. ಈ ಎಲೆ, ಈ ಶಂಕು ಒಂದೇ ಮರದ್ದು ಅನ್ನಲು ಅವರಿಗೆ ಮೂರು ತರದ ಸಾಕ್ಷಿ ಇದೆ. ಎಲೆಯಿರುವ ಕೊಂಬೆಗೇ ಶಂಕು ಅಂಟಿಕೊಂಡು ಸಿಕ್ಕರೆ ಅದು ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಎರಡೂ ಭಾಗಗಳ ಒಳರಚನೆ ಹೊಂದಿಕೊಂಡರೆ, ಉದಾಹರಣೆಗೆ ಗಂಡು ಶಂಕುವಿನ ಒಳಗೇ ಪರಾಗ ಸಿಕ್ಕರೆ, ಅದು ಎರಡನೆಯದು. ಬೇರೆ ಬೇರೆ ಜಾಗಗಳಲ್ಲಿ ಈ ಎಲೆ ಸಿಕ್ಕಲ್ಲೆಲ್ಲ ಅದೇ ಶಂಕು ಪಕ್ಕದಲ್ಲೇ ಸಿಗುತ್ತಿದ್ದರೆ ಅದು ಮೂರನೆಯದು. ಇದು ದುರ್ಬಲ ಸಾಕ್ಷಿ, ಆದರೆ ಬಹಳ ಸಲ ಸಿಗುವುದು ಇದೊಂದೇ.

ಬರೀ ನೋಟ ನಂಬಿದರೆ ಏನಾಗುತ್ತೆ ಅನ್ನುವುದಕ್ಕೆ ನಮ್ಮ ಸರ್ವೆ ಮರವೇ ಸಾಕು. ಕರಾವಳಿಯವರು ಗಾಳಿ ಮರ ಅನ್ನುತ್ತಾರೆ. ಮನೆ ಕಟ್ಟುವಾಗ ಸಾರ್ವೆಗೆ ಕಂಬ ಕೊಡುವ ಈ ಮರದ ಬಂಧುಬಳಗದ ತವರು ಆಸ್ಟ್ರೇಲಿಯಾ. ಇಲ್ಲಿಯ ಶೀ-ಓಕ್ ಮರಗಳೂ ಅದೇ ಕುಟುಂಬ. ಸೂಜಿಯಂಥ ಎಲೆ, ಪುಟ್ಟ ಶಂಕುವಿನಂಥ ಕಾಯಿ ನೋಡಿದರೆ ಯಾರಾದರೂ ಪೈನ್ ಅನ್ನುತ್ತಾರೆ. ಆದರೆ ಸರ್ವೆ ಹೂ ಬಿಡುವ ಮರ. ಎಲೆ ಅಂತ ನಾವು ಅನ್ನುವುದು ಅದರ ಕಿರುಕೊಂಬೆ, ನಿಜವಾದ ಎಲೆ ಗಿಣ್ಣುಗಳಲ್ಲಿ ಹಲ್ಲಿನ ಹಾಗೆ ಸಣ್ಣಗಿರುತ್ತೆ. ಜೀವಂತ ಮರದ ವಿಷಯದಲ್ಲೇ ಹೀಗೆ ಮೋಸ ಹೋಗಬಹುದಾದರೆ ಕಲ್ಲಿನ ಮೇಲಿನ ಅಚ್ಚಿನ ಗತಿ ಏನು?

ಯಲ್ಲೋರ್ನ್ ಕಲ್ಲಿದ್ದಲಿನ ಎಲೆ

ವಿಕ್ಟೋರಿಯಾ ಸರ್ಕಾರ 1920ರ ದಶಕದಲ್ಲಿ ಸ್ಟೇಟ್ ಎಲೆಕ್ಟ್ರಿಸಿಟಿ ಕಮಿಷನ್ ಕಟ್ಟಿ, ಸರ್ ಜಾನ್ ಮೊನಾಶ್ ಅವರ ಮುಂದಾಳುತನದಲ್ಲಿ ಯಲ್ಲೋರ್ನಿನಲ್ಲಿ ಗಣಿ ತೆರೆಯಿತು. 1924ರಲ್ಲಿ ಅಲ್ಲಿಂದ ಮೆಲ್ಬರ್ನಿಗೆ ಕರೆಂಟು ಬಂತು. ಎರಡನೇ ಮಹಾಯುದ್ಧದ ನಂತರ ಯುರೋಪಿನಿಂದ ವಲಸೆ ಬಂದ ಸಾವಿರಾರು ಜನ ಈ ಕಣಿವೆಯಲ್ಲಿ ದುಡಿದರು. ಕೊನೆಗೆ ಯಲ್ಲೋರ್ನ್ ಅನ್ನುವ ಊರನ್ನೇ ತೆಗೆದುಹಾಕಿ ಅದರಡಿಯ ಕಲ್ಲಿದ್ದಲನ್ನೂ ಅಗೆದರು. ಆ ಅಗೆತದಲ್ಲಿ ಮರದ ಬೊಡ್ಡೆ, ಎಲೆ, ಕಾಯಿ ಹೊರಬಿದ್ದವು.

ಅವುಗಳ ಮೇಲೆ ಕಣ್ಣಿಟ್ಟವರು ಮೆಲ್ಬರ್ನ್ ವಿಶ್ವವಿದ್ಯಾಲಯದ ಇಸಬೆಲ್ ಕುಕ್ಸನ್. 1893ರಲ್ಲಿ ಮೆಲ್ಬರ್ನಿನ ಹಾಥಾರ್ನಿನಲ್ಲಿ ಹುಟ್ಟಿದವರು. ನೆಲದ ಮೇಲೆ ನಿಂತ ಅತಿ ಹಳೆಯ ಗಿಡಗಳಲ್ಲಿ ಒಂದಕ್ಕೆ ಕುಕ್ಸೋನಿಯಾ ಅಂತ ಹೆಸರು ಬಂದದ್ದು ಇವರಿಂದಲೇ. 1951ರಲ್ಲಿ ಕುಕ್ಸನ್ ಮತ್ತು ಸುಝಾನ್ ಡೂಯಿಗನ್ ಸೇರಿ ಆಗ್ನೇಯ ಆಸ್ಟ್ರೇಲಿಯಾದ ಅಳಿದ ಅರೌಕೇರಿಯಾ ಕುಟುಂಬದ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅಗಾಥಿಸ್ ಯಲ್ಲೋರ್ನೆನ್ಸಿಸ್ ಅನ್ನುವ ಕೌರಿ ಜಾತಿಗೂ, ಅರೌಕೇರಿಯಾ ಲಿಗ್ನಿಟಿಸಿ ಅನ್ನುವ ಇನ್ನೊಂದಕ್ಕೂ ಅಲ್ಲಿ ಹೆಸರಿಟ್ಟರು. ಮೊದಲನೆಯದರಲ್ಲಿ ಗಣಿಯ ಊರಿನ ಹೆಸರಿದೆ, ಎರಡನೆಯದರಲ್ಲಿ ಲಿಗ್ನೈಟ್, ಅಂದರೆ ಕಂದು ಕಲ್ಲಿದ್ದಲಿನ ಹೆಸರು.

ಕೆಲಸದ ಬಗೆ ಹೇಳುತ್ತೇನೆ ಕೇಳಿ. ಎಲೆಯ ಮೇಲೆ ಮೇಣದಂಥ ಒಂದು ಹೊರಪೊರೆ ಇರುತ್ತೆ. ಒಳಗಿನದೆಲ್ಲ ಕೊಳೆತರೂ, ಇದ್ದಲಾದರೂ ಈ ಪೊರೆ ಉಳಿದುಕೊಳ್ಳುತ್ತೆ. ಕಲ್ಲಿದ್ದಲಿನ ಚೂರನ್ನು ನೈಟ್ರಿಕ್ ಆಮ್ಲ, ಪೊಟ್ಯಾಸಿಯಂ ಕ್ಲೋರೇಟ್ ಮಿಶ್ರಣದಲ್ಲಿ ನೆನೆಸಿ, ಆಮೇಲೆ ಅಮೋನಿಯಾದಲ್ಲಿ ತೊಳೆದರೆ ಕಪ್ಪೆಲ್ಲ ಬಿಟ್ಟುಹೋಗಿ ತೆಳ್ಳನೆಯ ಪೊರೆ ಒಂದೇ ತೇಲುತ್ತೆ. ಅದನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಟ್ಯಂತರ ವರ್ಷದ ಹಿಂದಿನ ಜೀವಕೋಶಗಳ ಗೆರೆ ಹಾಗೇ ಕಾಣುತ್ತೆ. ಎಲೆ ಉಸಿರಾಡುವ ಪತ್ರರಂಧ್ರಗಳು ಸಾಲಾಗಿವೆಯೇ, ಚದುರಿವೆಯೇ, ಯಾವ ದಿಕ್ಕಿಗೆ ತಿರುಗಿವೆ, ಸುತ್ತ ಎಷ್ಟು ಕೋಶಗಳಿವೆ ಅಂತ ಗುರುತು ಹಾಕಿಕೊಂಡು ಇಂದು ಬದುಕಿರುವ ಜಾತಿಗಳ ಎಲೆಯೊಡನೆ ಹೋಲಿಸಬೇಕು. ಬೆರಳಚ್ಚು ನೋಡುವ ಪೊಲೀಸರ ಕೆಲಸದ ಹಾಗೆ. ಶಂಕುವಿನ ಹುರುಪೆಗೂ ಇಂಥ ಗುರುತುಗಳಿವೆ. ಪೈನಿನಲ್ಲಿ ಹುರುಪೆಗೆ ಎರಡು ಬೀಜ, ಅರೌಕೇರಿಯಾ ಕುಟುಂಬದಲ್ಲಿ ಒಂದೇ. ಅರೌಕೇರಿಯಾದಲ್ಲಿ ಆ ಬೀಜ ಹುರುಪೆಯೊಳಗೇ ಹುದುಗಿರುತ್ತೆ, ಕೌರಿಯಲ್ಲಿ ಬಿಡಿಯಾಗಿ ಕಳಚಿ ರೆಕ್ಕೆಯಿಂದ ಹಾರುತ್ತೆ. ಕೈಯಲ್ಲಿ ಒಂದೇ ಒಂದು ಹುರುಪೆ ಇದ್ದರೂ ಇಷ್ಟು ಹೇಳಬಹುದು.

ಕಛ್, ರಾಜಮಹಲ್, ಗಿಪ್ಸ್‌ಲ್ಯಾಂಡ್

ಆಸ್ಟ್ರೇಲಿಯಾ, ಭಾರತ, ಅಂಟಾರ್ಕ್ಟಿಕಾ, ಆಫ್ರಿಕಾ, ದಕ್ಷಿಣ ಅಮೆರಿಕ ಹಿಂದೆ ಒಂದೇ ಭೂಖಂಡವಾಗಿದ್ದವು. ಅದಕ್ಕೆ ಗೊಂಡ್ವಾನಾ ಅನ್ನುವ ಹೆಸರು ಬಂದದ್ದು ನಮ್ಮ ಮಧ್ಯ ಭಾರತದ ಗೊಂಡರ ನಾಡಿನಿಂದ. ಹಾಗಾಗಿ ಇಲ್ಲಿಯ ಮರದ ಒಂದು ತುಂಡಿನ ಜೋಡಿ ಅಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ.

ಬೊಹೆಮಿಯಾದ ಒಟ್ಟೊಕಾರ್ ಫೈಸ್ಟ್‌ಮಾಂಟೆಲ್ 1875ರಿಂದ 1883ರವರೆಗೆ ಕಲ್ಕತ್ತೆಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಕೆಲಸ ಮಾಡಿದರು. ಗುಜರಾತಿನ ಕಛ್‌ನಲ್ಲಿ ಸಿಕ್ಕ ಅರೌಕೇರಿಯಾದಂಥ ಹುರುಪೆಗೆ ಕಛ್ ಹೆಸರನ್ನೇ ಸೇರಿಸಿ ಹೆಸರು ಕೊಟ್ಟರು. ಅದೇ ಮನುಷ್ಯ ಪೂರ್ವ ಆಸ್ಟ್ರೇಲಿಯಾದ ಕಲ್ಲಿದ್ದಲು ಪದರಗಳ ಗಿಡಗಳ ಬಗ್ಗೆಯೂ ಬರೆದರು. ಭಾರತದಲ್ಲಿ ಇಂದು ಅರೌಕೇರಿಯಾ ಕುಟುಂಬದ ಮರ ಒಂದೂ ತಾನಾಗಿ ಬೆಳೆಯುವುದಿಲ್ಲ. ಲಾಲ್‌ಬಾಗಿನಲ್ಲಿರುವುದು ಹೊರಗಿನಿಂದ ತಂದು ನೆಟ್ಟದ್ದು. ನಮ್ಮ ನೆಲದಲ್ಲಿ ಅಳಿದುಹೋದ ಬಳಗ ಹಡಗು ಹತ್ತಿ, ಕುಂಡದಲ್ಲಿ ಕೂತು ವಾಪಸ್ ಬಂತು ಅನ್ನಬಹುದು.

ಕಲ್ಕತ್ತೆಯ ಆ ಸಂಗ್ರಹವನ್ನು ಮತ್ತೆ ಕೈಗೆತ್ತಿಕೊಂಡವರು ಬೀರಬಲ್ ಸಾಹ್ನಿ. 1928 ಮತ್ತು 1931ರಲ್ಲಿ ಅವರು ಭಾರತದ ಶಂಕುಧಾರಿ ಪಳೆಯುಳಿಕೆಗಳ ಪರಿಷ್ಕರಣೆ ಪ್ರಕಟಿಸಿದರು. ಆಮೇಲೆ ಇಂದಿನ ಜಾರ್ಖಂಡಿನ ರಾಜಮಹಲ್ ಬೆಟ್ಟಗಳ ನಿಪಾನಿಯಾ ಹಳ್ಳಿಯ ಕಲ್ಲುಗಳು ಅವರನ್ನು ಹಿಡಿದುಕೊಂಡವು. ಅಲ್ಲಿ ಸಾಮಾನ್ಯವಾಗಿ ಐದು ಭಾಗಗಳಾಗಿ ಕಾಣುವ ಕಾಂಡ, ಪಟ್ಟಿಯಂಥ ಎಲೆ, ಹಿಪ್ಪುನೇರಳೆ ಹಣ್ಣಿನಂಥ ಬೀಜದ ಶಂಕು ಬೇರೆ ಬೇರೆಯಾಗಿ ಸಿಗುತ್ತಿದ್ದವು. ಒಳರಚನೆ ಹೋಲಿಸಿ 1948ರಲ್ಲಿ ಸಾಹ್ನಿ ಇವೆಲ್ಲ ಒಂದೇ ಗಿಡದವು ಅಂತ ತೋರಿಸಿ ಪೆಂಟಾಕ್ಸಿಲಿ ಅನ್ನುವ ಹೊಸ ಗುಂಪನ್ನೇ ಕಟ್ಟಿದರು. ಅದು ಶಂಕುಧಾರಿಗಳ ದೂರದ ದಾಯಾದಿ. ಲಖ್ನೋದ ಅವರ ಸಂಸ್ಥೆಯ ಕಟ್ಟಡಕ್ಕೆ 1949ರ ಏಪ್ರಿಲ್ 3ರಂದು ಜವಾಹರಲಾಲ್ ನೆಹರು ಅಡಿಗಲ್ಲು ಹಾಕಿದರು. ಒಂದೇ ವಾರಕ್ಕೆ, ಏಪ್ರಿಲ್ 10ರಂದು, ಸಾಹ್ನಿ ತೀರಿಕೊಂಡರು. ಗಂಡು ಭಾಗವನ್ನು ವಿವರಿಸಿ 1953ರಲ್ಲಿ ಅದಕ್ಕೆ ಸಾಹ್ನಿಯಾ ಅಂತ ಗುರುವಿನ ಹೆಸರಿಟ್ಟವರು ವಿಷ್ಣು ಮಿತ್ರೆ.

ಈಗ ವಿಕ್ಟೋರಿಯಾಕ್ಕೆ ಬನ್ನಿ. ಮೆಲ್ಬರ್ನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಫ್ರೆಡರಿಕ್ ಮೆಕಾಯ್ 1860ರಲ್ಲೇ ಇಲ್ಲಿಯ ಕಲ್ಲಿನ ಒಂದು ಪಟ್ಟಿಯೆಲೆಗೆ ಟೀನಿಯಾಪ್ಟೆರಿಸ್ ಡೇನ್‌ಟ್ರೀ ಅಂತ ಹೆಸರಿಟ್ಟಿದ್ದರು. ಈ ಎಲೆ ಯಾವ ಗಿಡದ್ದು ಅನ್ನುವುದು ಒಂದು ಶತಮಾನಕ್ಕೂ ಹೆಚ್ಚು ಕಾಲ ಬಗೆಹರಿಯಲಿಲ್ಲ. 1985ರಲ್ಲಿ ಆಂಡ್ರೂ ಡ್ರಿನನ್ ಮತ್ತು ಚೇಂಬರ್ಸ್ ಆ ಎಲೆಯ ಜೊತೆ ಸಿಗುವ ಶಂಕುಗಳನ್ನು ಪರಿಶೀಲಿಸಿ, ಇದು ಸಾಹ್ನಿಯ ರಾಜಮಹಲ್ ಗಿಡದ ಬಳಗದ್ದೇ ಅಂದರು. ಜಾರ್ಖಂಡಿನ ಕಲ್ಲಿನಲ್ಲಿ ಒಳರಚನೆ ಚೆನ್ನಾಗಿ ಉಳಿದಿದ್ದರಿಂದ ವಿಕ್ಟೋರಿಯಾದ ಚಪ್ಪಟೆ ಅಚ್ಚಿನ ಒಗಟು ಬಿಡಿಸಲು ದಾರಿ ಆಯಿತು. ಇದೇ ಕಾಲದ ಗಿಡ, ಮೀನು, ಕೀಟಗಳ ದೊಡ್ಡ ನಿಧಿ ದಕ್ಷಿಣ ಗಿಪ್ಸ್‌ಲ್ಯಾಂಡಿನ ಕೂನ್‌ವಾರಾದಲ್ಲಿದೆ. ಅದು ಹೊರಬಿದ್ದದ್ದು 1961ರಲ್ಲಿ, ಹೆದ್ದಾರಿ ಸರಿಪಡಿಸುತ್ತಿದ್ದ ಕೂಲಿಕಾರರ ಅಗೆತದಲ್ಲಿ.

ಕಲ್ಲಿನಲ್ಲಿ ಮೊದಲು, ಕಾಡಿನಲ್ಲಿ ಆಮೇಲೆ

ಇಷ್ಟೆಲ್ಲ ಕೂಡಿಸಿದ್ದು ಸರಿಯೇ ಅಂತ ಪರೀಕ್ಷೆ ಮಾಡುವುದು ಹೇಗೆ? ಅಳಿದ ಮರ ಬಂದು ಸಾಕ್ಷಿ ಹೇಳುವುದಿಲ್ಲ. ಆದರೆ ಎರಡು ಸಲ ಹಾಗೂ ಆಯಿತು.

ಮೊದಲನೆಯದು ಜಪಾನಿನ ಶಿಗೆರು ಮಿಕಿ ಅವರ ಕಥೆ. ಸಿಕೋಯಾ ಅಂತ ಎಲ್ಲರೂ ಕರೆಯುತ್ತಿದ್ದ ಪಳೆಯುಳಿಕೆಗಳಲ್ಲಿ ಕೆಲವಕ್ಕೆ ಶಂಕುವಿನ ತೊಟ್ಟು ಉದ್ದ, ಎಲೆಯೂ ಹುರುಪೆಯೂ ಎದುರುಬದುರು ಜೋಡಿಯಾಗಿವೆ ಅನ್ನುವುದನ್ನು ಅವರು ಗಮನಿಸಿದರು. ಸಿಕೋಯಾದಲ್ಲಿ ಅವು ಸುರುಳಿಯಾಗಿ ಬರುತ್ತವೆ. 1941ರಲ್ಲಿ ಇದು ಬೇರೆಯೇ ಮರ ಅಂತ ಮೆಟಾಸಿಕೋಯಾ ಹೆಸರಿಟ್ಟರು. ಅದೇ ದಶಕದಲ್ಲಿ ಚೀನಾದ ಒಂದು ಹಳ್ಳಿಯಲ್ಲಿ ಜೀವಂತ ಮರವೇ ಸಿಕ್ಕಿತು. 1948ರಲ್ಲಿ ಹೂ ಮತ್ತು ಚೆಂಗ್ ಅದನ್ನು ವಿವರಿಸಿದರು. ಮಿಕಿ ಕಲ್ಲಿನಲ್ಲಿ ಎಣಿಸಿದ್ದ ಎದುರುಬದುರು ಜೋಡಿ ಕೊಂಬೆಯ ಮೇಲೂ ಹಾಗೇ ಇತ್ತು.

ಎರಡನೆಯದು ನಮ್ಮ ಸಿಡ್ನಿಯ ಹತ್ತಿರದ್ದು. 1994ರ ಸೆಪ್ಟೆಂಬರಿನಲ್ಲಿ ಡೇವಿಡ್ ನೋಬಲ್ ಅನ್ನುವ ಅರಣ್ಯ ಸಿಬ್ಬಂದಿ ಬ್ಲೂ ಮೌಂಟನ್ಸ್ ಕಡೆಯ ವೊಲೆಮೈ ರಾಷ್ಟ್ರೀಯ ಉದ್ಯಾನದ ಒಂದು ಆಳವಾದ ಕಂದಕಕ್ಕೆ ಇಳಿದಾಗ ಗುರುತು ಸಿಗದ ಮರಗಳನ್ನು ಕಂಡರು. ಅವರು ತಂದ ಎಲೆ ಮಾತ್ರ ನೋಡಿದಾಗ ಅದು ಜರೀಗಿಡದ್ದೋ ಪೊದೆಯದ್ದೋ ಅನ್ನುವ ಪ್ರಶ್ನೆ ಬಂತಂತೆ. ನಿಜವಾಗಿ ಅದು 40 ಮೀಟರ್ ಎತ್ತರದ ಮರ. 1995ರಲ್ಲಿ ವಿನ್ ಜೋನ್ಸ್, ಕೆನ್ ಹಿಲ್, ಜಾನ್ ಆಲೆನ್ ಅದಕ್ಕೆ ವೊಲೆಮಿಯಾ ನೊಬಿಲಿಸ್ ಅಂತ ಹೆಸರಿಟ್ಟರು. ಅರೌಕೇರಿಯಾ, ಕೌರಿಗಳ ಜೊತೆ ಕುಟುಂಬದ ಮೂರನೆಯ ಕುಲ ಇದು.

ಆಗ ಹಳೆಯ ಒಂದು ಲೆಕ್ಕ ಚುಕ್ತಾ ಆಯಿತು. ಊರಿನಿಂದ ಅಪ್ಪ ಅಮ್ಮ ಬಂದಾಗ ನಾವೆಲ್ಲ ಟ್ವೆಲ್ವ್ ಅಪಾಸಲ್ಸ್ ತೋರಿಸಲು ಗ್ರೇಟ್ ಓಷನ್ ರೋಡ್ ಹಿಡಿಯುತ್ತೇವಲ್ಲ, ಅದರ ಸ್ವಲ್ಪ ಈಚೆಗೆ ಪ್ರಿನ್ಸ್‌ಟೌನ್ ಅನ್ನುವ ಊರಿದೆ. ಆ ಭಾಗದ ಶಿಲೆಗಳಲ್ಲಿ ಸಿಕ್ಕ ಒಂದು ಪರಾಗಕ್ಕೆ 1965ರಲ್ಲಿ ಹ್ಯಾರಿಸ್ ಅನ್ನುವವರು ಡಿಲ್ವಿನೈಟಿಸ್ ಅಂತ ಹೆಸರಿಟ್ಟಿದ್ದರು. ಯಾವ ಮರದ ಪರಾಗ ಅದು ಅಂತ ಆಗ ಗೊತ್ತಿರಲಿಲ್ಲ. 1995ರಲ್ಲಿ ಮೈಕ್ ಮ್ಯಾಕ್‌ಫೇಲ್ ಮತ್ತು ಸಂಗಡಿಗರು ವೊಲೆಮಿಯಾದ ಪರಾಗ ಅದನ್ನೇ ಹೋಲುತ್ತೆ ಅಂತ ತೋರಿಸಿದರು. ಸುಮಾರು 9 ಕೋಟಿ ವರ್ಷ ಹಿಂದಿನಿಂದ 20 ಲಕ್ಷ ವರ್ಷ ಹಿಂದಿನವರೆಗೆ ಆ ಪರಾಗದ ದಾಖಲೆ ಇದೆ. ಮರ ಸಿಗುವುದಕ್ಕೆ 29 ವರ್ಷ ಮೊದಲೇ ಅದರ ಬಳಗದ ಪರಾಗಕ್ಕೆ ನಾಮಕರಣ ಆಗಿತ್ತು.

ಆದರೆ ಕೂಡಿಸುವ ಕೈ ಇಲ್ಲೂ ಹುಷಾರಾಗಿರಬೇಕು. ಡಿಲ್ವಿನೈಟಿಸ್‌ನಂಥ ಪರಾಗ ಕೆಲವು ಕೌರಿ ಜಾತಿಗಳಲ್ಲೂ ಇದೆ ಅಂತ ಆಮೇಲೆ ತಿಳಿಯಿತು. ಎಲೆಯದೂ ಅದೇ ಕಥೆ. ನ್ಯೂ ಸೌತ್ ವೇಲ್ಸಿನ ಗಲ್ಗಾಂಗ್ ಹತ್ತಿರದ ಟಾಲ್ಬ್ರಗಾರ್‌ನಲ್ಲಿ ಸುಮಾರು 15 ಕೋಟಿ ವರ್ಷ ಹಳೆಯ ಕಲ್ಲಿದೆ. ಅಲ್ಲಿಯ ಎಲೆಕೊಂಬೆಗಳನ್ನು ಮೊದಲು ಪೊಡೊಝಮೈಟಿಸ್ ಅನ್ನುತ್ತಿದ್ದರು. ಆಫ್ರಿಕಾದಿಂದ ಬಂದು ಸಿಡ್ನಿಯಲ್ಲಿ ನೆಲೆಸಿದ ಮೇರಿ ವೈಟ್ 1981ರಲ್ಲಿ ಅದನ್ನು ಅಗಾಥಿಸ್ ಜುರಾಸಿಕಾ ಅಂತ ಕೌರಿ ಕುಲಕ್ಕೆ ಸೇರಿಸಿದರು. ವೊಲೆಮೈ ಸಿಕ್ಕ ಮೇಲೆ ಅದರ ಪೂರ್ವಜ ಇದೇ ಅನ್ನುವ ಮಾತು ಬಂತು. ಈಗ ಕೆಲವರು ಮತ್ತೆ ಪೊಡೊಝಮೈಟಿಸ್ ಹೆಸರಿಗೇ ಮರಳಿದ್ದಾರೆ. ಎಲೆ ಹೋಲುತ್ತೆ, ಆದರೆ ಎಲೆ ಹೋಲುವುದು ಒಂದೇ ಸಾಕಾಗುವುದಿಲ್ಲ.

ಜೀವಂತ ಮರ ಇನ್ನೊಂದು ಪಾಠ ಕಲಿಸಿತು. ವೊಲೆಮಿಯಾದ ಎಳೆಯ ಎಲೆ ಒಂದು ತರ, ಬಲಿತ ಎಲೆ ಇನ್ನೊಂದು ತರ. ಕಲ್ಲಿನಲ್ಲಿ ಬೇರೆ ಬೇರೆ ಸಿಕ್ಕಿದ್ದರೆ ಎರಡು ಜಾತಿ ಅನ್ನುವುದು ಸುಲಭವಿತ್ತು. ಎಲೆ ಒಂದೊಂದಾಗಿ ಉದುರದೆ ಇಡೀ ಕಿರುಕೊಂಬೆಯೇ ಕಳಚಿ ಬೀಳುತ್ತೆ, ಶಂಕು ಬರುವುದು ಆ ಕೊಂಬೆಯ ತುದಿಯಲ್ಲಿ. ಬುಡದಿಂದ ಹಲವು ಕಾಂಡ ಚಿಗುರುತ್ತವೆ. ತೊಗಟೆ ಕಂದು ಗುಳ್ಳೆ ಗುಳ್ಳೆಯಾಗಿ ಕೋಕೋ ಪಾಪ್ಸ್ ಅಂಟಿಸಿದ ಹಾಗಿದೆ. ಎಲೆ, ಹುರುಪೆ, ಪರಾಗ ಮೂರನ್ನೂ ಕೈಯಲ್ಲಿಟ್ಟುಕೊಂಡರೂ ಆ ತೊಗಟೆಯನ್ನು ಯಾರೂ ಊಹಿಸಿ ಬರೆಯಲಾರರು. ಮ್ಯೂಸಿಯಮ್ಮಿನ ಗೋಡೆಯ ಮೇಲೆ ಹಳೆಯ ಕಾಡಿನ ಚಿತ್ರ ನೋಡುವಾಗ ಇದು ನೆನಪಿರಲಿ. ಎಲೆಗೆ ಸಾಕ್ಷಿ ಇರಬಹುದು, ಕಾಂಡ ಕಲಾವಿದರ ಕೈಯದಾಗಿರಬಹುದು.

ಹೆಸರುಗಳ ಪಂಚಾಯಿತಿ

ನಾಲ್ಕು ಹೆಸರಿನ ಪ್ರಶ್ನೆ ಕೊನೆಗೆ ಮೆಲ್ಬರ್ನಿಗೇ ಬಂತು. 2011ರ ಜುಲೈಯಲ್ಲಿ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನ ಇಲ್ಲಿ ನಡೆಯಿತು. ಗಿಡಗಳಿಗೆ ಹೆಸರಿಡುವ ನಿಯಮಗಳ ಆ ಆವೃತ್ತಿಗೆ ಮೆಲ್ಬರ್ನ್ ಸಂಹಿತೆ ಅಂತಲೇ ಹೆಸರು. ಪಳೆಯುಳಿಕೆಯ ಒಂದು ಹೆಸರಿನ ಅಡಿಯಲ್ಲಿ ಎಲೆ, ಶಂಕು, ಕಾಂಡ ಎಲ್ಲವನ್ನೂ ಸೇರಿಸಲು ಅದು ದಾರಿ ಸಲೀಸು ಮಾಡಿತು. ಸಾಕ್ಷಿ ಸಾಲದಿದ್ದರೆ ಬೇರೆ ಬೇರೆ ಹೆಸರು ಉಳಿಸಿಕೊಳ್ಳಲೂ ಅವಕಾಶ ಬಿಟ್ಟಿತು. ಚೆನ್ನಾಗಿ ಕೂಡಿದ ಒಂದು ಮರದ ಉದಾಹರಣೆ ಅರ್ಜೆಂಟೀನಾದ ಪಾಟಗೋನಿಯಾದಲ್ಲಿದೆ. ಸುಮಾರು 5.2 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಕೌರಿಯ ಎಲೆಕೊಂಬೆ, ಗಂಡು ಶಂಕು, ಹೆಣ್ಣು ಶಂಕು, ಬೀಜ ಎಲ್ಲ ಸಿಕ್ಕವು. 2014ರಲ್ಲಿ ಅವೆಲ್ಲವನ್ನೂ ಅಗಾಥಿಸ್ ಝಮುನೆರೇ ಅನ್ನುವ ಒಂದೇ ಹೆಸರಿನಡಿ ತಂದರು.

ಉಳಿದಿರುವ ಕೆಲಸ

ವೊಲೆಮೈ ಕಂದಕದಲ್ಲಿ ಇರುವ ಬಲಿತ ಮರಗಳು ನೂರಕ್ಕೂ ಕಡಿಮೆ. 2019–20ರ ಕಾಳ್ಗಿಚ್ಚಿನಲ್ಲಿ ಅಗ್ನಿಶಾಮಕ ಸಿಬ್ಬಂದಿ ಹೆಲಿಕಾಪ್ಟರಿನಿಂದ ಇಳಿದು, ನೀರು ಹಾಯಿಸಿ ಅವನ್ನು ಉಳಿಸಿದರು. ಕಲ್ಲಿದ್ದಲಿನ ಕಥೆ ಬೇರೆ. ಹೇಝಲ್‌ವುಡ್ 2017ರಲ್ಲಿ ಮುಚ್ಚಿತು, ಯಲ್ಲೋರ್ನ್ 2028ರಲ್ಲಿ ಮುಚ್ಚುತ್ತೆ ಅಂತ ಹೇಳಿದ್ದಾರೆ. ಗುಂಡಿಗಳಿಗೆ ನೀರು ತುಂಬಿಸಿ ಕೆರೆ ಮಾಡುವ ಯೋಜನೆಗಳಿವೆ. ಹೊಗೆ ನಿಲ್ಲುವುದು ಒಳ್ಳೆಯದೇ. ಆದರೆ ಅಗೆತ ನಿಂತರೆ ಹೊಸ ಎಲೆ, ಹೊಸ ಹುರುಪೆ ಹೊರಬರುವುದೂ ನಿಲ್ಲುತ್ತೆ. ಆಮೇಲೆ ಕೂಡಿಸುವವರಿಗೆ ಸಿಗುವುದು ಮ್ಯೂಸಿಯಮ್ಮಿನ ಡಬ್ಬಿಗಳಲ್ಲಿ ಇರುವುದಷ್ಟೇ. ಆ ಡಬ್ಬಿಯ ಮೇಲೆ ಎಲ್ಲಿ ಸಿಕ್ಕಿತು, ಯಾವ ಪದರದಲ್ಲಿ, ಪಕ್ಕದಲ್ಲಿ ಏನಿತ್ತು ಅಂತ ಬರೆದಿದ್ದರೆ ಮಾತ್ರ ಅದು ಸಾಕ್ಷಿ. ಇಲ್ಲದಿದ್ದರೆ ವಿಳಾಸ ಹರಿದುಹೋದ ಕಾಗದ.

ನಮ್ಮಲ್ಲಿ ರಸ್ತೆ, ರೈಲು, ಕಟ್ಟಡದ ಸೈಟುಗಳಲ್ಲಿ ದುಡಿಯುವವರು ಬಹಳ ಜನ ಇದ್ದೀರಿ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಗಿಪ್ಸ್‌ಲ್ಯಾಂಡಿನ ಕಡಲತೀರಕ್ಕೆ ಹೋಗುವವರೂ ಇದ್ದೀರಿ. ಕಲ್ಲಿನಲ್ಲಿ ಎಲೆಯ ಅಚ್ಚು ಕಂಡರೆ ಕೀಳಲು ಹೋಗಬೇಡಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಜಾಗ ಗುರುತು ಮಾಡಿಕೊಳ್ಳಿ, ಅಕ್ಕಪಕ್ಕದ ಕಲ್ಲಿನ ಫೋಟೋವನ್ನೂ ತೆಗೆದು ಮ್ಯೂಸಿಯಮ್ಸ್ ವಿಕ್ಟೋರಿಯಾಕ್ಕೆ ಅಥವಾ ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಮ್ಮಿಗೆ ಕಳಿಸಿ. ಸೈಟಿನಲ್ಲಿ ಸಿಕ್ಕರೆ ಮೊದಲು ಸೂಪರ್‌ವೈಸರಿಗೆ ಹೇಳಿ. ಎಲೆಯ ಪಕ್ಕದಲ್ಲಿ ಬಿದ್ದಿರುವ ಒಂದು ಹುರುಪೆ ಅದೇ ಮರದ್ದೋ ಅಂತ ಹೇಳುವ ಕೆಲಸ ಅವರದು. ಎರಡೂ ಪಕ್ಕಪಕ್ಕದಲ್ಲಿದ್ದವು ಅಂತ ಹೇಳುವ ಕೆಲಸ ಮೊದಲು ಕಂಡವರದು.